ಮೂರು ವರ್ಷದ ಭಾನುವಾರಗಳು

ನಮ್ಮ ಮನೆಯಲ್ಲಿ ಭಾನುವಾರ ಎಲ್ಲರಿಗೂ ಬರುತ್ತದೆ, ನನಗೊಬ್ಬಳಿಗೆ ಬಿಟ್ಟು. ಅವತ್ತೇ ಎಣ್ಣೆನೀರು, ಅವತ್ತೇ ದೋಸೆಗೆ ರುಬ್ಬುವುದು, ನೆಂಟರು ಬರುವುದೂ ಅವತ್ತೇ. ಅದಕ್ಕೇ ಇರಬೇಕು, ಫ್ರಾಂಕ್ ನೆಲ್ಸನ್ ಕೋಲ್ ಎಂಬ ಅಮೆರಿಕದ ಗಣಿತ ಪ್ರಾಧ್ಯಾಪಕರ ಕಥೆ ಓದಿದಾಗ ನನಗೆ ಮೊದಲು ಹುಟ್ಟಿದ್ದು ಮೆಚ್ಚುಗೆಯಲ್ಲ, ಹೊಟ್ಟೆಕಿಚ್ಚು.

ಚದುರಂಗದ ಮಣೆಯ ಕಥೆ ನಿಮಗೆ ಗೊತ್ತೇ ಇದೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಹೋದರೆ ರಾಜನ ಕಣಜವೇ ಬರಿದು. ಮಣೆಗೆ 64ರ ಬದಲು 67 ಮನೆಗಳಿದ್ದವು ಎನ್ನಿ. ಆಗ ಒಟ್ಟು ಕಾಳು 147573952589676412927. ಇಪ್ಪತ್ತೊಂದು ಅಂಕೆ! ಇದು ಒಂದರಿಂದಲೂ ತನ್ನಿಂದಲೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ ಎಂದು 1644ರಲ್ಲಿ ಮರ್ಸೆನ್ ಎಂಬ ಫ್ರಾನ್ಸಿನ ಪಾದ್ರಿ ಬರೆದ. 1876ರಲ್ಲಿ ಲೂಕಾ ಎಂಬಾತ, ಅಲ್ಲ, ಇದು ಒಡೆಯುತ್ತದೆ ಎಂದು ಸಾಧಿಸಿದ. ಯಾವ ಎರಡು ಸಂಖ್ಯೆಗಳಾಗಿ ಎಂಬುದು ಮಾತ್ರ ಅವನಿಗೂ ತಿಳಿಯಲಿಲ್ಲ. ವಿಚಿತ್ರ ಅನ್ನಿಸುತ್ತದೆಯೆ? ಹಾಲಿಗೆ ನೀರು ಬಿದ್ದಿದೆ ಎಂದು ಲ್ಯಾಕ್ಟೋಮೀಟರ್ ಹೇಳುತ್ತದೆ, ಬೆರೆಸಿದವರ ಹೆಸರು ಹೇಳುತ್ತದೆಯೆ?

1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಕೋಲ್ ಎದ್ದು, ತುಟಿ ಬಿಚ್ಚದೆ, ಹಲಗೆಯ ಮೇಲೆ ಈ ಸಂಖ್ಯೆಯನ್ನು ಬರೆದರಂತೆ. ಪಕ್ಕದಲ್ಲಿ 193707721 ಮತ್ತು 761838257287 ಎಂಬ ಎರಡು ಸಂಖ್ಯೆಗಳನ್ನಿಟ್ಟು ಗುಣಿಸಿದರಂತೆ. ಎರಡೂ ಕಡೆ ಒಂದೇ ಉತ್ತರ. ಹೋಗಿ ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಎಷ್ಟು ಕಾಲ ಹಿಡಿಯಿತೆಂದು ಮುಂದೆ ಯಾರೋ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂದರೆಂದು ಕಥೆ. ಆ ಭಾನುವಾರಗಳಲ್ಲಿ ಅನ್ನಕ್ಕೆ ಇಟ್ಟವರು ಯಾರೆಂಬುದು ಕಥೆಯಲ್ಲಿಲ್ಲ.

ನಾನು ಬಿ.ಎಸ್ಸಿ. ಎರಡನೆಯ ವರ್ಷಕ್ಕೇ ಗಣಿತ ಬಿಟ್ಟು ಹಸೆಮಣೆ ಏರಿದವಳು. ಅವತ್ತು ಮಾತ್ರ ಹಟ ಬಂತು. ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಕುಳಿತೆ. ಮೊದಲು ನಮ್ಮ ಮೇಷ್ಟ್ರು ಕಲಿಸಿದ್ದ ಒಂಬತ್ತರ ತಾಳೆ. ಚಿಕ್ಕದರ ಅಂಕೆಗಳನ್ನು ಕೂಡಿದರೆ 37, ದೊಡ್ಡದರದು 64, ಗುಣಲಬ್ಧದ್ದು 109. ಮತ್ತೆ ಕೂಡಿದರೆ ಮೂರೂ 10. ಇನ್ನೊಮ್ಮೆ ಕೂಡಿದರೆ ಮೂರೂ 1. ಒಂದು ಸಲ ಒಂದು ಒಂದೇ, ಸರಿ. ಆದರೆ ಎರಡು ಅಂಕೆ ಅದಲುಬದಲಾದರೂ ಈ ತಾಳೆಗೆ ಗೊತ್ತಾಗುವುದಿಲ್ಲ. ಪೂರ್ತಿ ಗುಣಿಸದೆ ವಿಧಿಯಿಲ್ಲ.

ಗುಣಿಸಲು ಹೊರಟಾಗ ಕಂಡಿತು, 193707721ರಲ್ಲಿ ಏಳು ಮೂರು ಸಲ ಇದೆ. ಒಮ್ಮೆ 5332867801009 ಎಂದು ಬರೆದುಕೊಂಡರೆ ಉಳಿದೆರಡು ಸಾಲು ನಕಲು. ಒಂದರ ಸಾಲು ಎರಡು, ಅವಕ್ಕೆ ಲೆಕ್ಕವೇ ಬೇಡ. ನಿಜವಾಗಿ ದುಡಿಯಬೇಕಾದದ್ದು ಒಂಬತ್ತು, ಮೂರು, ಏಳು, ಎರಡಕ್ಕೆ ಮಾತ್ರ. ಮನೆವಾರ್ತೆಯಲ್ಲಿ ಪಳಗಿದ ಕೈಗೆ ಇಂಥ ಉಳಿತಾಯ ಬೇಗ ಹೊಳೆಯುತ್ತದೆ! ಆದರೂ ಮೊದಲ ಮಧ್ಯಾಹ್ನ ಒಂಬತ್ತರ ಸಾಲಿನಲ್ಲಿ ದಶಕ ತಪ್ಪಿತು, ಎರಡನೆಯ ಮಧ್ಯಾಹ್ನ ಕೂಡುವಾಗ ಬಾಗಿಲು ಬಡಿದರು. ಮೂರನೆಯ ಸಲ, ಭಾನುವಾರ ಬೆಳಿಗ್ಗೆ, ಕುಕ್ಕರ್ ಇಟ್ಟು ಕುಳಿತಾಗ ಇಪ್ಪತ್ತೊಂದು ಅಂಕೆಯೂ ಕೂಡಿಬಂದವು.

"ಏನೇ ಅದು, ಹಾಲಿನ ಲೆಕ್ಕವೆ?" ಎಂದರು ನಮ್ಮವರು.

"ಅಲ್ಲ" ಎಂದು ಹಾಳೆ ಕೊಟ್ಟೆ. ಬಹಳ ಹೊತ್ತು ನೋಡಿ, "ಇಲ್ಲಿ ಒಂದು ಸಾಲು ಬಿಟ್ಟಿದ್ದೀಯಲ್ಲ" ಎಂದರು.

"ಅದು ಸೊನ್ನೆಯದು. ಬರೆಯಬೇಕಾಗಿಲ್ಲ, ಒಂದು ಸ್ಥಾನ ಸರಿದರೆ ಸಾಕು."

ಕನ್ನಡಕ ಹಾಕಿಕೊಂಡು ಮತ್ತೆ ಮೊದಲಿನಿಂದ ನೋಡತೊಡಗಿದರು. ಅಷ್ಟರಲ್ಲಿ ಕುಕ್ಕರ್ ಮೂರನೆಯ ಸೀಟಿ ಹಾಕಿತು. ಅವರೇ ಎದ್ದು ಹೋಗಿ ಒಲೆ ಆರಿಸಿ ಬಂದರು.