ಹಬ್ಬದ ಓದು

ದೀಪಾವಳಿ ಬಂತೆಂದರೆ ನಮಗೆ ಪಟಾಕಿಗಿಂತ ವಿಶೇಷಾಂಕದ ಚಿಂತೆಯೇ ಹೆಚ್ಚು. ನೀರು ತುಂಬುವ ಹಬ್ಬದಿಂದ ಬಲಿಪಾಡ್ಯಮಿಯವರೆಗೆ ರಜೆ. ಬೆನ್ನಿಗೇ ಭಾನುವಾರವೂ ಕೂಡಿಕೊಂಡರೆ ಕೇಳುವುದೇ ಬೇಡ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ದೊಡ್ಡಮ್ಮ, ಅತ್ತೆ, ಚಿಕ್ಕಪ್ಪಂದಿರ ಮಕ್ಕಳೆಲ್ಲ ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ ಸೇರುತ್ತಿದ್ದೆವು. ಪೇಟೆಗೆ ಹೋದ ಚಿಕ್ಕಪ್ಪ ‘ಪ್ರಜಾವಾಣಿ’ ವಿಶೇಷಾಂಕವನ್ನು ಬಗಲಲ್ಲಿಟ್ಟುಕೊಂಡು ಬಸ್ಸಿಳಿದರೆ ಸಾಕು, ಅಂಗಳದಲ್ಲೇ ಪಾಳಿ ಶುರು. ಕಥಾಸ್ಪರ್ಧೆಯ ಮೊದಲ ಬಹುಮಾನದ ಕಥೆ ಮಾತ್ರ ಚಿಕ್ಕಪ್ಪನ ಹಕ್ಕು. ಅದನ್ನು ಓದಿ ಮುಗಿಸುವ ತನಕ ಅವರು ಯಾರ ಕೈಗೂ ಕೊಡುತ್ತಿರಲಿಲ್ಲ.

ಅಜ್ಜನಿಗೆ ‘ಕಸ್ತೂರಿ’. ಅದನ್ನವರು ಹಿಂದಿನಿಂದ ಓದುತ್ತಿದ್ದರು, ಪುಸ್ತಕ ವಿಭಾಗ ಇದ್ದದ್ದು ಕೊನೆಗೆ. ಹುಡುಗರಿಗೆ ‘ಸುಧಾ’ದ ಫ್ಯಾಂಟಮ್, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಅಕ್ಕಂದಿರು ಲೈಬ್ರರಿಯಿಂದ ಬಾಡಿಗೆಗೆ ತಂದ ತ್ರಿವೇಣಿಯವರ ಕಾದಂಬರಿಗಳನ್ನು ಹಿಡಿದು ಅಟ್ಟ ಹತ್ತಿದರೆ ಊಟಕ್ಕೆ ಕೂಗಿದರೂ ಇಳಿಯುತ್ತಿರಲಿಲ್ಲ. ಎಣ್ಣೆಸ್ನಾನದ ಜೊಂಪು, ಕಡುಬಿನ ಊಟ, ಜಗುಲಿಯ ತಂಪು ನೆಲ. ಓದುತ್ತ ಓದುತ್ತ ಪುಸ್ತಕ ಮುಖದ ಮೇಲೆ ಬಿದ್ದು ನಿದ್ದೆ. ಎದ್ದು ನೋಡಿದರೆ ಪುಸ್ತಕ ಇನ್ನೊಬ್ಬರ ಪಾಲು.

ಆದರೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ರಾತ್ರಿಯ ಓದು. ಅಡಿಕೆ ಕೊಯ್ಲು ಶುರುವಾಗಿರುತ್ತಿತ್ತಲ್ಲ, ಊಟವಾದ ಮೇಲೆ ಗ್ಯಾಸ್‌ಲೈಟಿನ ಬೆಳಕಲ್ಲಿ ಹತ್ತಾರು ಜನ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಕೈಗೆ ಕೆಲಸವಿತ್ತು, ಮನಸ್ಸಿಗೆ ಅವಸರವಿರಲಿಲ್ಲ. ದೊಡ್ಡಮ್ಮ ನಡುವೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಒಂದು ಹಬ್ಬಕ್ಕೆ ‘ಫಣಿಯಮ್ಮ’ ಬಂತು. 1976ರಲ್ಲಿ ಪ್ರಕಟವಾದ ಕಾದಂಬರಿ, ಎಂ.ಕೆ. ಇಂದಿರಾ ತೀರ್ಥಹಳ್ಳಿಯಲ್ಲೇ ಹುಟ್ಟಿದವರು, ತಮ್ಮ ಬಂಧುವೊಬ್ಬರ ಬದುಕನ್ನೇ ಬರೆದಿದ್ದರು. ನಮ್ಮ ಕಡೆಯ ಮಾತು, ನಮ್ಮ ಕಡೆಯ ಅಡುಗೆಮನೆ. ಬಾಲವಿಧವೆಯ ಕಥೆ.

ಸುಲಿಯುವವರ ಸಾಲಿನಲ್ಲಿ ಅಜ್ಜನ ಅಕ್ಕ ದೊಡ್ಡಜ್ಜಿಯೂ ಇದ್ದರು. ಕೆಂಪು ಸೀರೆ, ಬೋಳಿಸಿದ ತಲೆ. ನಮಗೆ ಬುದ್ಧಿ ಬಂದಾಗಿನಿಂದ ಅವರು ಹಾಗೆಯೇ ಇದ್ದದ್ದರಿಂದ ಅದರ ಹಿಂದೆ ಒಂದು ಕಥೆಯಿರಬಹುದೆಂದು ನಮಗೆ ಹೊಳೆದಿರಲೇ ಇಲ್ಲ. ಕಾದಂಬರಿಯ ಇನ್ನೊಬ್ಬ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದ ಭಾಗ ಬಂದಾಗ ದೊಡ್ಡಮ್ಮನ ದನಿ ಸಣ್ಣಗಾಯಿತು. ಎರಡು ಹಾಳೆ ಒಟ್ಟಿಗೆ ಮಗುಚಿದರು.

‘ಪುಟ ಹಾರಿಸಬೇಡ ಮಾರಾಯ್ತಿ, ಓದು’ ಎಂದರು ದೊಡ್ಡಜ್ಜಿ, ಕತ್ತಿಯಿಂದ ಕಣ್ಣು ತೆಗೆಯದೆ.

ದೊಡ್ಡಮ್ಮ ಓದಿದರು. ಆ ಹುಡುಗಿಯ ಪರವಾಗಿ ಫಣಿಯಮ್ಮ ನಿಂತ ಮಾತು ಬಂದಾಗ ದೊಡ್ಡಜ್ಜಿ ‘ಹೌದು, ಹಾಗೇ ಆಗಬೇಕು’ ಎಂದಷ್ಟೇ ಅಂದರು. ಮರುದಿನ ಬೆಳಿಗ್ಗೆ ನಾವು ಮಕ್ಕಳು ಅವರ ಸುತ್ತ ಕೂತು, ಅಜ್ಜೀ, ನಿಮಗೆ ಮದುವೆಯಾದಾಗ ಎಷ್ಟು ವರ್ಷ ಎಂದು ಕೇಳಿದೆವು. ಅವರು ಹೇಳಿದರು, ಎಲ್ಲವನ್ನೂ. ಹಬ್ಬದ ಉಳಿದ ದಿನಗಳೆಲ್ಲ ಅದಕ್ಕೇ ಹೋದವು. ಸಾಹಿತ್ಯದ ಬಗ್ಗೆ ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಪುಸ್ತಕ ಏನು ಮಾಡಬಲ್ಲದು ಎಂಬುದನ್ನು ಕಂಡದ್ದು ಆ ಅಡಿಕೆಸಿಪ್ಪೆಯ ರಾಶಿಯ ಪಕ್ಕದಲ್ಲಿ.

ರಜೆ ಮುಗಿದು ಹೊರಡುವಾಗ ಯಾರದ್ದಾದರೂ ಒಂದು ಕಾದಂಬರಿ ಅರ್ಧಕ್ಕೆ ನಿಂತಿರುತ್ತಿತ್ತು. ಹಾಗೆ ಒಮ್ಮೆ ‘ಶರಪಂಜರ’ ನನ್ನ ಕೈತಪ್ಪಿತು. ಹದಿನೈದು ದಿನಕ್ಕೆ ಚಿಕ್ಕಪ್ಪನ ಮಗಳಿಂದ ಇನ್‌ಲ್ಯಾಂಡ್ ಪತ್ರ ಬಂತು. ಕ್ಷೇಮಸಮಾಚಾರಕ್ಕೆ ಒಂದೇ ಸಾಲು. ಉಳಿದ ಜಾಗದಲ್ಲೆಲ್ಲ, ಅಂಟಿಸುವ ಮಡಿಕೆಯ ಮೇಲೂ, ಅದರ ನಾಯಕಿ ಕಾವೇರಿಯ ಮುಂದಿನ ಕಥೆಯನ್ನು ಸಣ್ಣ ಅಕ್ಷರದಲ್ಲಿ ತುಂಬಿದ್ದಳು. ಕೊನೆಗೆ ಹೀಗೆ ಬರೆದಿದ್ದಳು: ‘ಆ ಗಂಡನನ್ನು ನಾನಂತೂ ಕ್ಷಮಿಸಲ್ಲ ಕಣೇ. ನೀನೂ ಕ್ಷಮಿಸಬೇಡ. ಯುಗಾದಿಗೆ ಬಾ, ಕೂತು ಮಾತಾಡೋಣ.’