ಶಸ್ತ್ರವೈದ್ಯರ ರಕ್ತ ಮತ್ತು ರೋಗಿಯ ಹಕ್ಕು

ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಮುನ್ನ ನನ್ನ ರಕ್ತವನ್ನು ಎಚ್‌ಐವಿ ಹಾಗೂ ಹೆಪಟೈಟಿಸ್ ಸೋಂಕುಗಳಿಗಾಗಿ ಪರೀಕ್ಷಿಸಿದರು. ಶಸ್ತ್ರ ಹಿಡಿಯುವ ವೈದ್ಯರ ರಕ್ತದ ವಿಚಾರವನ್ನು ಕೇಳುವ ಹಕ್ಕು ನನಗುಂಟೇ ಎಂಬ ಪ್ರಶ್ನೆ ಅಂದು ಮನಸ್ಸಿನಲ್ಲಿ ಮೂಡಿತು. ಇದು ಅಪನಂಬಿಕೆಯ ಮಾತಲ್ಲ. ಕಣ್ಣಿಗೆ ಕಾಣದ ಆಳದಲ್ಲಿ ಸೂಜಿಯಾಡಿಸುವಾಗ ಕೈಗವಸು ಹರಿದು, ವೈದ್ಯರ ರಕ್ತವು ರೋಗಿಯ ಗಾಯಕ್ಕೆ ತಾಗುವ ಸಂಭವ ಇದ್ದೇ ಇದೆ.

ಅಮೆರಿಕದಲ್ಲಿ ಈ ಪ್ರಶ್ನೆ ಕಣ್ಣೀರಿನೊಡನೆ ಎದ್ದಿತು. ಫ್ಲಾರಿಡಾದ ದಂತವೈದ್ಯರೊಬ್ಬರಿಂದ ರೋಗಿಗೆ ಎಚ್‌ಐವಿ ತಗುಲಿರಬಹುದೆಂದು 1990ರಲ್ಲಿ ವರದಿಯಾಯಿತು. ಮುಂದೆ ಅಂಥವರ ಸಂಖ್ಯೆ ಆರಕ್ಕೇರಿತು. ಅವರಲ್ಲೊಬ್ಬರಾದ ಕಿಂಬರ್ಲಿ ಬರ್ಗಾಲಿಸ್ 1991ರ ಡಿಸೆಂಬರಿನಲ್ಲಿ ಮರಣಹೊಂದಿದಾಗ ಆಕೆಗೆ 23 ವರ್ಷ. ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ ತರುಣಿ! ಸೋಂಕು ದಾಟಿದ ಬಗೆ ಮಾತ್ರ ಇಂದಿಗೂ ನಿಶ್ಚಿತವಾಗಿಲ್ಲ. ಅದೇ ವರ್ಷದ ಜುಲೈನಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರವು, ಸೋಂಕಿತ ವೈದ್ಯರು ತಜ್ಞರ ಸಮಿತಿಯ ಸಲಹೆ ಪಡೆಯದೆ ಇಂತಹ ಅಪಾಯಕರ ಚಿಕಿತ್ಸೆಗಳನ್ನು ಮಾಡಬಾರದು, ಮಾಡುವುದಾದರೆ ರೋಗಿಗೆ ಮೊದಲೇ ತಿಳಿಸಬೇಕು ಎಂದು ಸೂಚಿಸಿತು.

ತಿಳಿಸಬೇಕೆಂಬ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ತಿಳಿಸಿದ ಮರುದಿನ ಆ ವೈದ್ಯರ ಬಾಗಿಲಿಗೆ ಯಾರು ಬಂದಾರು? ಪರೀಕ್ಷೆಯ ಫಲವಾಗಿ ವೃತ್ತಿಯೇ ಹೋಗುವುದಾದರೆ, ಪರೀಕ್ಷೆಯಿಂದಲೇ ದೂರವಿರಲು ಮನುಷ್ಯನ ಮನಸ್ಸು ಹವಣಿಸುತ್ತದೆ. ರೋಗಿಯನ್ನು ಕಾಯಲೆಂದು ಹುಟ್ಟಿದ ನಿಯಮವು ಆಗ ಅರಿವಿಗೆ ಬಾರದ ಸೋಂಕನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಉಳಿಸಿಬಿಡುತ್ತದೆ.

ಔಷಧಿಗಳು ಬಂದ ಮೇಲೆ ವಿಚಾರ ಬದಲಾಯಿತು. ಹೆಪಟೈಟಿಸ್ ಬಿ ಕುರಿತು ಅದೇ ಕೇಂದ್ರವು 2012ರಲ್ಲಿ, ರಕ್ತದಲ್ಲಿ ವೈರಾಣು ಮಿಲಿಲೀಟರಿಗೆ 1000 ಅಂತರರಾಷ್ಟ್ರೀಯ ಯೂನಿಟ್‌ಗಿಂತ ಕಡಿಮೆಯಿರುವ ವೈದ್ಯರು ಶಸ್ತ್ರಚಿಕಿತ್ಸೆ ನಡೆಸಬಹುದು, ರೋಗಿಗೆ ಮುಂಚಿತವಾಗಿ ತಿಳಿಸುವ ವಾಡಿಕೆ ಬೇಕಿಲ್ಲ ಎಂದಿತು. ಎಚ್‌ಐವಿ ಸೋಂಕಿತರಿಗೆ ಇದ್ದ ನಿಷೇಧವನ್ನು ತೆಗೆಯುವುದಾಗಿ ಬ್ರಿಟನ್ 2013ರಲ್ಲಿ ಪ್ರಕಟಿಸಿತು: ಔಷಧಿಯಿಂದ ವೈರಾಣುವಿನ ಪ್ರತಿಗಳು ಮಿಲಿಲೀಟರಿಗೆ 200ಕ್ಕಿಂತ ಕೆಳಗಿರಬೇಕು, ಮೂರು ತಿಂಗಳಿಗೊಮ್ಮೆ ಪರೀಕ್ಷೆಯಾಗಬೇಕು. ಎಚ್‌ಐವಿ ಕಾರಣದಿಂದ ಉದ್ಯೋಗದಿಂದ ತೆಗೆಯಬೇಕಾದರೆ ಗಣನೀಯ ಅಪಾಯವಿದೆಯೆಂಬ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಲಿಖಿತವಾಗಿರಬೇಕೆಂದು ನಮ್ಮ 2017ರ ಕಾಯಿದೆಯೂ ಹೇಳುತ್ತದೆ.

ವೈದ್ಯರ ರೋಗದ ಹೆಸರನ್ನು ತಿಳಿಯುವ ಹಕ್ಕು ನನಗೆ ಬೇಡವೆಂದೇ ಈಗ ನನ್ನ ಅಭಿಪ್ರಾಯ. ಅದನ್ನು ತಿಳಿಯಬೇಕಾದವರು ತಿಳಿದಿದ್ದಾರೆ ಎಂಬ ಭರವಸೆ ಸಾಕು. ಪರೀಕ್ಷೆಯ ಗಡುವು ಮೀರಿದವರು, ವರದಿ ಬರುವ ತನಕ, ಎಷ್ಟೇ ನಿಪುಣರಾದರೂ ಶಸ್ತ್ರ ಮುಟ್ಟಬಾರದು. ಇನ್ನು, ಚಿಕಿತ್ಸೆಯ ನಡುವೆ ಅವರ ಬೆರಳು ಸೀಳಿ ರಕ್ತ ನನ್ನ ಗಾಯಕ್ಕೆ ಬಿದ್ದುದೇ ಆದರೆ, ಆಗ ಮೌನ ಪ್ರಮಾದವಾದೀತು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಅಷ್ಟರೊಳಗೆ ನನಗೆ ತಿಳಿಯಲೇಬೇಕು.