ಗಾಳಿಯನ್ನು ನಂಬಿ ಶಿರಾಡಿ ಇಳಿದದ್ದು

ಸಕಲೇಶಪುರದಿಂದ ಮುಂದೆ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿಯ ಕಾಡಿಗೆ ಇಳಿಯುತ್ತದೆ. ಗುಂಡ್ಯದವರೆಗೂ ತಿರುವು, ಮಂಜು, ಜೊತೆಗೆ ಕೆಂಪುಹೊಳೆ. ಅಕ್ಕಿ ಹೇರಿದ ಲಾರಿಯಲ್ಲಿ ಕೂತಿದ್ದ ನನಗೆ ಅದನ್ನೆಲ್ಲ ನೋಡುವ ಆತುರ. ಡ್ರೈವರ್ ಘಾಟಿಗೆ ಮೊದಲೇ ಲಾರಿಯನ್ನು ಬದಿಗೆ ಹಾಕಿದರು. "ಬ್ರೇಕ್ ಒತ್ತಿದ್ರೆ ಎಡಕ್ಕೆ ಎಳೀತಿದೆ ಸಾರ್. ತೋರಿಸದೆ ಇಳಿಯೋದು ಬೇಡ."

ಮೆಕ್ಯಾನಿಕ್ ಬಂದವರು ಸ್ಪ್ಯಾನರ್ ಮುಟ್ಟಲಿಲ್ಲ. ಮುಂದಿನ ಚಕ್ರಗಳ ಹತ್ತಿರ ಮುಂಗೈ ಹಿಡಿದರು, ಅಷ್ಟೇ. ಎಡ ಡ್ರಮ್ಮಿನಿಂದ ಝಳ ಬರುತ್ತಿತ್ತು, ಬಲದ್ದು ತಣ್ಣಗಿತ್ತು. ಬ್ರೇಕಿನ ಕೆಲಸವನ್ನೆಲ್ಲ ಎಡಚಕ್ರವೊಂದೇ ಮಾಡಿತ್ತು!

ಎಂಜಿನ್ ಆರಿಸಿ ಕ್ಲೀನರ್ ಹುಡುಗನಿಂದ ಪೆಡಲ್ ಒತ್ತಿಸಿದರು. ಬ್ರೇಕ್ ನಡೆಸುವ ಗಾಳಿಯ ಒತ್ತಡ ತೋರುವ ಮುಳ್ಳು ಒಮ್ಮೆ ಇಳಿದು ಅಲ್ಲೇ ನಿಂತಿತು. ಪೈಪುಗಳ ಜೋಡಣೆಗೆ ಸೋಪಿನ ನೀರು ಬಳಿದರೂ ಗುಳ್ಳೆ ಏಳಲಿಲ್ಲ. ಲೀಕ್ ಇಲ್ಲವೆಂದಾಯಿತು. ಆಮೇಲೆ ಬ್ರೇಕ್ ಚೇಂಬರಿನ ರಾಡುಗಳಿಗೆ ಚಾಕ್‌ಪೀಸಿನ ಗೆರೆ ಎಳೆದು ಮತ್ತೆ ಒತ್ತಿಸಿದರು. ಬಲಗಡೆಯ ರಾಡು ಎಡದ್ದಕ್ಕಿಂತ ಎಷ್ಟೋ ಉದ್ದಕ್ಕೆ ಹೊರಬಂತು. ರಾಡಿನ ಓಟವನ್ನು ಹದದಲ್ಲಿಡುವ ಸ್ಲ್ಯಾಕ್ ಅಡ್ಜಸ್ಟರ್ ಸಡಿಲ. ಲೈನರ್ ಡ್ರಮ್ಮನ್ನು ಮುಟ್ಟುವಷ್ಟರಲ್ಲಿ ರಾಡಿನ ಓಟವೇ ಮುಗಿದುಹೋಗುತ್ತಿತ್ತು. ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿದರೆ ಲೈನರಿಗೂ ಡ್ರಮ್ಮಿಗೂ ನಡುವಿನ ಅಂತರ ಇನ್ನೂ ಹೆಚ್ಚುತ್ತದೆ ಎಂದು ಅವರು ವಿವರಿಸಿದಾಗ ಮೈ ಜುಮ್ಮೆಂದಿತು.

"ಘಾಟೀಲಿ ಗಾಳಿಯೇ ಖಾಲಿಯಾದ್ರೆ?" ಎಂದು ಕೇಳಿದೆ.

"ಹಿಂದಿನ ಚಕ್ರ ತಾನಾಗೇ ಹಿಡ್ಕೊಳ್ಳುತ್ತೆ ಸಾರ್."

ಹಿಂದಿನ ಚೇಂಬರುಗಳೊಳಗೆ ಬಲವಾದ ಸ್ಪ್ರಿಂಗ್ ಇದೆ. ಅದನ್ನು ಅದುಮಿಟ್ಟು ಲಾರಿಯನ್ನು ಓಡಗೊಡುವುದೇ ಗಾಳಿ! ಎದುರಿನ ಬೆಟ್ಟದಲ್ಲಿ 50ಕ್ಕೆ 1ರ ಇಳಿಜಾರಿನಲ್ಲಿ ಸುಬ್ರಹ್ಮಣ್ಯದತ್ತ ಇಳಿಯುವ ರೈಲುಗಳೂ ಇಂಥದೇ ಧರ್ಮದವು: ಪೈಪಿನ ಗಾಳಿ ಹೋದರೆ ಗಾಲಿಗಳು ಹಿಡಿಯುತ್ತವೆ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲೇ ರೈಲಿಗಾಗಿ ಕಂಡುಹಿಡಿದ ಉಪಾಯವದು. ಕೆಟ್ಟರೆ ನಿಲ್ಲುವಂತೆಯೇ ಕಟ್ಟಬೇಕೆಂದು ಯೋಚಿಸಿದ ಆ ತಲೆಗೆ ಅಲ್ಲೇ ಕೈಮುಗಿಯಬೇಕೆನಿಸಿತು.

ಚಕ್ರಗಳಿಗೆ ಕಲ್ಲು ಕೊಟ್ಟು, ಲೈನರ್ ಡ್ರಮ್ಮಿಗೆ ತಾಗುವವರೆಗೆ ಅಡ್ಜಸ್ಟರ್ ಬಿಗಿದು, ತುಸು ಹಿಂದಕ್ಕೆ ಬಿಟ್ಟರು. ಎಡಗಡೆಯನ್ನೂ ನೋಡಿದರು. ಗಾಳಿ ಟ್ಯಾಂಕಿನ ತಳದಿಂದ ನೀರನ್ನೂ ಹೊರಬಿಟ್ಟರು.

ಡ್ರೈವರ್ ಸಣ್ಣ ಗೇರಿನಲ್ಲೇ ಘಾಟಿ ಇಳಿಸಿದರು. ಎಂಜಿನ್ನೇ ಭಾರವನ್ನು ತಡೆಯುತ್ತಿತ್ತು, ಪೆಡಲಿನ ಮೇಲೆ ಕಾಲು ಹೋದದ್ದು ಅಪರೂಪ. ಗುಂಡ್ಯದಲ್ಲಿ ಇಳಿದು ಎರಡೂ ಚಕ್ರಗಳ ಬಳಿ ಮುಂಗೈ ಹಿಡಿದು ನೋಡಿದರು. ನಾನೂ ಹಿಡಿದೆ. ಝಳ ಎರಡೂ ಕಡೆ ಸಮನಾಗಿತ್ತು.